ಖಾಲಿ ಕ್ಯಾಮರಾದ ಮುಂದ ನಿಂತಾಕಿ

ಆ ಬಾಗಲಾ ಸ್ವಲ್ಪ ಮುಂದ ಮಾಡ್ರಿ... ಗಾಳಿ ಬರ್ತೈತಿ. ಹಾಂ, ಅಷ್ಟ ಸಾಕು.

ಕತಿ ಹೇಳಾಕ ನನಗ ಬರೂದಿಲ್ಲ. ಇದು ನಮ್ಮ ಸೋದರತ್ತಿ ಮಗ ನಾಗಲಿಂಗಗ ಆದದ್ದು. ಅರ್ಧಾ ಅಂವ ಹೇಳಿದ್ದು, ಇನ್ನರ್ಧಾ ನಾನ ಕಣ್ಣಾರೆ ಕಂಡಿದ್ದು. ಅಂವ ಈಗೂ ಬಾಗಲಕೋಟಿ ನವನಗರದಾಗ ಅದಾನ. ಬೇಕಂದ್ರ ಹೋಗಿ ಕೇಳ್ರಿ. ಹೇಳಾಂಗಿಲ್ಲ ಅಂವ... ಎದ್ದು ಒಳಗ ಹೋಗ್ತಾನ.

ಎರಡಸಾವಿರದ ಆರನೇ ಇಸ್ವಿ. ಮಳಿಗಾಲ ಸುರುವಾಗಿತ್ತು, ಮಳಿ ಇರಲಿಲ್ಲ. ನಾಗಲಿಂಗ ಹುಬ್ಬಳ್ಳಿಯಿಂದ ಕಡೀ ಬಸ್ಸಿಗೆ ಬಂದ. ಬಗಲಾಗ ಒಂದ ದೊಡ್ಡ ರಟ್ಟಿನ ಡಬ್ಬಿ. ಡಬ್ಬ್ಯಾಗ ಸ್ಕ್ಯಾನರ್. ಹಳೇ ಫೋಟೋದ ನೆಗೆಟಿವ್ ಕಂಪ್ಯೂಟರಿನ್ಯಾಗ ಇಳಿಸೂ ಮಶೀನು. ಇಳಿಯೂದ್ರಾಗ ಹನ್ನೊಂದ ಹೊಡದಿತ್ತು. ಆಟೋ ಇಲ್ಲ. ಕರೆಂಟ ಇಲ್ಲ. ನಡಕೋತ ಹೊಂಟ.

ಅಂವನ ಸೆಕ್ಟರಿಗೆ ಹೋಗೂ ದಾರ್‍ಯಾಗ ಒಂದ ಹಳೇ ಬಾವಿ ಐತಿ. ಪ್ಲಾಟ್ ಹಾಕೂಕಿಂತ ಮೊದಲ ಅದು ಯಾರದೋ ಹೊಲದ ಬಾವಿ. ಸುತ್ತ ಮನಿ ಎದ್ದಾವು, ಬಾವಿ ಹಂಗ ಉಳದೈತಿ. ಕಟ್ಟಿ ಬಿದ್ದೈತಿ, ಒಳಗ ಜಾಲಿ ಬೆಳದೈತಿ. ಅದರ ಸನೇಕ ಬಂದಾಗ ಅಂವಗ ಒಂದ ಸಪ್ಪಳ ಕೇಳಸ್ತು.

ಕೂಂಂಂಯ್...

ಸೊಳ್ಳಿ ಕಿವ್ಯಾಗ ಹೊಕ್ಕಂಗ ಸುರುವಾಗಿ, ಏರಕೋತ ಏರಕೋತ ಹೋಗಿ, ಕಿವಿಗೆ ಹತ್ತಲಾರದಷ್ಟ ಸಣ್ಣಾಗಿ ನಿಲ್ತು. ನಮಗ ನಿಮಗ ಗೊತ್ತಾಗಾಂಗಿಲ್ಲ. ಫೋಟೋ ತಗಿಯಾಂವಗ ಗೊತ್ತಾಗ್ತೈತಿ. ಅದು ಕ್ಯಾಮರಾದ ಫ್ಲ್ಯಾಶ್ ತಯಾರಾಗೂ ಸಪ್ಪಳ.

ಅಂವ ಡಬ್ಬಿ ಕೆಳಗ ಇಟ್ಟು ಕಿವಿ ಹಚ್ಚಿದ. ಡಬ್ಬಿ ಸುಮ್ನಿತ್ತು.

ಬಾವಿ ಕಡಿಂದ ಯಾರೋ ಪಿಸುಗುಟ್ಟಿದಂಗಾತು.

"ಆತೇನ್ರೀ?"

"ಯಾರವಾ ಅದು?" ಅಂದ ನಾಗಲಿಂಗ.

ಮತ್ತ ಬಂತು, ಇನ್ನೂ ಸಣ್ಣ ದನ್ಯಾಗ.

"ಕಾಕಾ... ಆತೇನ್ರೀ?"

ಡಬ್ಬಿ ಎದಿಗೆ ಅವಚಿಕೊಂಡು ಓಡಿದ. ಮನಿ ಬಾಗಲಾ ತಗದಾಕಿ ಅಂವನ ಹೇಣತಿ ಮಹಾನಂದಾ. "ಯಾಕ್ರಿ, ಮೈಯೆಲ್ಲಾ ಬೆವತೈತಿ?" ಅಂದ್ಲು.

"ನಾಯಿ ಬೆನ್ನ ಹತ್ತಿತ್ತು," ಅಂದ.

ಸುಳ್ಳ. ಯಾಕಂದ್ರ ಆ ದನಿ ಯಾರದು, ಆ ಮಾತ ಯಾಕ ಕೇಳಿತು, ಅಂವಗ ಗೊತ್ತಿತ್ತು.

ಈಗ ಅದನ್ನ ಹೇಳ್ತೇನಿ.

ನಾಗಲಿಂಗ ಮೊದಲ ಹಳೇ ಬಾಗಲಕೋಟ್ಯಾಗ ಸಣ್ಣ ಸ್ಟುಡಿಯೋ ಇಟ್ಟಿದ್ದ. ಆಲಮಟ್ಟಿ ಹಿನ್ನೀರ ಊರಾಗ ಬರ್ತೈತಿ, ಮನಿ ಬಿಡ್ರಿ ಅಂತಾದಾಗ ಮಂದಿಗೆಲ್ಲಾ ಒಂದ ಆಸಿ ಹುಟ್ತು. ಬಿಟ್ಟ ಹೋಗೂ ಮೊದಲ ಮನಿ ಮುಂದ ನಿಂತು ಒಂದ ಪಟಾ ತಗಸ್ಕೋಬೇಕು. ಕಟ್ಟಿ ಮ್ಯಾಲೆ ಮುದುಕರು, ಅಂಗಳದಾಗ ಎಮ್ಮಿ, ಬಾಗಲಕ್ಕ ತೋರಣ ಕಟ್ಟಿ ನಿಲ್ಲೂ ಮಂದಿ. ನಾಗಲಿಂಗಗ ಉಣ್ಣಾಕ ಹೊತ್ತ ಸಿಗತಿರಲಿಲ್ಲ.

ತೊಂಬತ್ತೊಂಬತ್ತರಾಗ ಒಂದ ದಿನ ಸಂಜಿಮುಂದ ಒಂದ ಓಣಿ ಮುಗಿಸೂದ್ರಾಗ ರೀಲ್ ತೀರಿತು. ಮೂವತ್ತಾರ ಪಟಾ. ಅಂವ ರೀಲ್ ಸುತ್ತಿ, ತಗದು, ಡಬ್ಬ್ಯಾಗ ಹಾಕಿ ಕಿಸೇದಾಗ ಇಟ್ಕೊಂಡ. ಇದೊಂದ ಲಕ್ಷ್ಯದಾಗ ಇರಲಿ... ರೀಲ್ ಕಿಸೇದಾಗ. ಕ್ಯಾಮರಾ ಖಾಲಿ.

ಓಣಿ ತುದ್ಯಾಗ ಸಾವಿತ್ರೆವ್ವನ ಮನಿ. ಒಂದ ಖೋಲಿ, ಮಣ್ಣಿನ ಮಾಳಗಿ. ಗಂಡ ತೀರಕೊಂಡಿದ್ದ. ಖಾನಾವಳಿಗೆ ರೊಟ್ಟಿ ಬಡದ ಕೊಟ್ಟು ಬಾಳೇ ಮಾಡ್ತಿದ್ಲು. ಒಬ್ಬಾಕಿ ಮಗಳು, ಬನಶಂಕರಿ. ಒಂಬತ್ತ ವರ್ಷದಾಕಿ. ಬನ್ನವ್ವ ಅಂತ ಕರೀತಿದ್ರು. ಆ ಹುಡಿಗಿ ಓಡಿ ಬಂದು ನಾಗಲಿಂಗನ ಅಂಗಿ ಹಿಡಕೊಂತು.

"ಕಾಕಾ, ನಂದೊಂದ್ರೀ..."

ಚೀಲದಾಗ ಇನ್ನೊಂದ ರೀಲ್ ಇತ್ತು. ಇಲ್ಲಂತಿಲ್ಲ. ಆದ್ರ ಅದನ್ನ ಮರುದಿನ ದೊಡ್ಡ ವಾಡೇದ ಸಾವಕಾರರಿಗಂತ ಇಟ್ಟಿದ್ದ. ಅಂಗಡಿ ಎಲ್ಲಾ ಸಾಮಾನ ಕಟ್ಟಾಕತ್ತಿದ್ದು, ಊರಾಗ ಬ್ಯಾರೆ ರೀಲ್ ಸಿಗೂಹಂಗ ಇರಲಿಲ್ಲ. ಈ ಸಣ್ಣ ಹುಡಿಗಿ ಪಟಾ ಯಾರ ಕೇಳಾವರು, ಸುಮ್ನ ಒಂದ ಫ್ಲ್ಯಾಶ್ ಹೊಡದ್ರಾತು ಅಂತ ಅಂದ್ಕೊಂಡ. ಹುಡುಗರ ಕಾಟ ತಪ್ಪಸ್ಕೊಳ್ಳಾಕ ಎಲ್ಲಾ ಫೋಟೋದವರು ಮಾಡೂದ ಇದು.

"ಬಾಗಲ್ದಾಗ ನಿಂದ್ರು. ನಾ ಆತು ಅನ್ನೂತನಕ ಅಲ್ಲಾಡಬ್ಯಾಡ. ಕಣ್ಣೂ ಪಿಳಕಸಬ್ಯಾಡ, ಮತ್ತ!"

ಹುಡಿಗಿ ನಿಂತ್ಲು. ಕೂಂಂಯ್... ಫಟ್.

ಅಷ್ಟರಾಗ ಹಿಂದಿಂದ ವಾಡೇದ ಆಳು ಕರದ. ನಾಗಲಿಂಗ ಹೊಂಟ. ಓಣಿ ಮೂಲಿಗೆ ಹೋಗಿ ಒಮ್ಮೆ ಹಿಂದ ನೋಡಿದ. ಹುಡಿಗಿ ಇನ್ನೂ ಹಂಗ ನಿಂತಿದ್ಲು, ಕಣ್ಣ ಅರಳಿಸಿಕೊಂಡು. ಆತು ಅನ್ನೂದನ್ನ ಮರತಿದ್ದ ಇಂವ. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಹದಿಮೂರ ದಿನಕ್ಕ ಆ ಹುಡಿಗಿ ಸತ್ತಳು. ಮೂರ ದಿನದ ಜ್ವರ. ಊರ ಹೊರಗ ನದಿ ಕಡೆ ಮಣ್ಣ ಮಾಡಿದ್ರು. ಮುಂದ ನೀರ ಬಂತು. ಮನೀನೂ ಹೋತು, ಮಣ್ಣ ಮಾಡಿದ ಜಾಗಾನೂ ಹೋತು.

ಸಾವಿತ್ರೆವ್ವ ನವನಗರದ ಅಂವನ ಹೊಸಾ ಸ್ಟುಡಿಯೋಕ್ಕ ಹುಡಿಕ್ಕೊಂಡ ಬಂದ್ಲು. "ತಮ್ಮಾ, ಅವತ್ತ ಬನ್ನವ್ವಂದೊಂದ ಪಟಾ ತಗದಿದ್ದ್ಯಲ್ಲಪಾ... ಅಕಿದು ನನ್ನ ಹಂತ್ಯಾಕ ಬ್ಯಾರೆ ಯಾವದೂ ಇಲ್ಲ," ಅಂದ್ಲು.

ಆಗರ ಹೇಳಬೇಕಾಗಿತ್ತು. "ಹುಡುಕಬೇಕಕ್ಕ. ಸಾಮಾನ ಸಾಗಸೂ ಮುಂದ ಡಬ್ಬಿ ಅದಲಬದಲ ಆಗ್ಯಾವು," ಅಂದ.

ಆರೇಳ ವರ್ಷ, ನೋಡ್ರಿ. ಎರಡ ತಿಂಗಳಿಗೊಮ್ಮೆ, ಮೂರ ತಿಂಗಳಿಗೊಮ್ಮೆ ಅಕಿ ಬರಾಕಿ. ಬಾಗಲ ಮುಂದಿನ ಪಾವಟಗಿ ಮ್ಯಾಲೆ ಕುಂತು, "ಸಿಕ್ತೇನಪಾ?" ಅನ್ನಾಕಿ. "ಇಲ್ಲಕ್ಕ, ನೋಡಾಕತ್ತೇನಿ," ಅನ್ನಾಂವ ಇಂವ. "ಇರಲಿ, ಸಾವಕಾಶ ನೋಡು," ಅಂತ ಎದ್ದ ಹೋಗಾಕಿ. ಒಂದ ದಿನಾ ಸಿಟ್ಟಾಗಲಿಲ್ಲ. ಕಡೀಸಲ ಬಂದಾಗ ಹೋಗೂ ಮುಂದ ನಿಂತು ಅಂದ್ಲಂತ, "ಅಕಿ ಗದ್ದ ಹೆಂಗಿತ್ತು ಅನ್ನೂದ ನೆನಪಾಗವಲ್ದು ತಮ್ಮಾ..."

ಆ ರಾತ್ರಿ ನಾಗಲಿಂಗ ಉಣ್ಣಲಿಲ್ಲ ಅಂತ ಮಹಾನಂದಾ ಆಮ್ಯಾಲೆ ನನಗ ಹೇಳಿದ್ಲು. ಯಾಕ ಅಂತ ಅಕಿಗೂ ಆಗ ಗೊತ್ತಿರಲಿಲ್ಲ.

ಇನ್ನ ಸ್ಕ್ಯಾನರಿನ ಸಂಗತಿ. ಮುಳುಗಿದ ಊರಿನ ಪಟಾ ಸೀಡ್ಯಾಗ ಹಾಕಿ ಕೊಡು ಅಂತ ಮಂದಿ ಕೇಳಾಕ ಹತ್ತಿದ್ರು. ಅಂವನ ಮನ್ಯಾಗ ಹದಿನಾಲ್ಕ ಡಬ್ಬಿ ನೆಗೆಟಿವ್ ಇದ್ದು, ಬೂಸರ ಹಿಡಿಯಾಕತ್ತಿದ್ದು. ಅದಕ್ಕ ಹುಬ್ಬಳ್ಳ್ಯಾಗ ಯಾರೋ ಬಳಸಿ ಬಿಟ್ಟ ಸ್ಕ್ಯಾನರ್ ತಂದಿದ್ದ. ಹಗಲೆಲ್ಲಾ ಕರೆಂಟ ಹೋಗೂದು, ಹಿಂಗಾಗಿ ರಾತ್ರಿ ಹತ್ತರ ಮ್ಯಾಲೆ ಕೂಡತಿದ್ದ.

ನೆಗೆಟಿವ್ ನೋಡೀರಿಲ್ಲೋ? ಚಹಾದ ಬಣ್ಣದ ಪಟ್ಟಿ. ಮಾರಿ ಕರ್ರಗ, ಕೂದಲಾ ಬೆಳ್ಳಗ, ಎಲ್ಲಾ ಉಲ್ಟಾ. ಅದನ್ನ ಸಣ್ಣ ಬ್ರಷ್ಷಿಲೆ ಧೂಳ ಹೊಡದು, ಚೌಕಟ್ಟಿನ್ಯಾಗ ಸಿಗಿಸಿ, ಮಶೀನಿನ ಮುಚ್ಚಳಾ ಹಾಕಬೇಕು. ಒಳಗ ದೀಪ ಸರೀತೈತಿ. ಗುಂಯ್ಯ್... ಗರ್ರ್... ಟಕ್. ಕಂಪ್ಯೂಟರಿನ್ಯಾಗ ಉಲ್ಟಾ ಹೋಗಿ ಸುಲ್ಟಾ ಆಗಿ ಬರ್ತೈತಿ.

ಬಾವಿ ಕಡೆ ದನಿ ಕೇಳಿದ ಮರುದಿನ ರಾತ್ರಿನ ಸುರು ಮಾಡಿದ. ಮುಳುಗಿದ ಮನಿ ಒಂದೊಂದ ಮ್ಯಾಲೆ ಎದ್ದ ಬಂದು. ಅಗಸಿ, ಕಟ್ಟಿ, ಎಮ್ಮಿ, ತೋರಣ. ನೋಡ್ತಾ ನೋಡ್ತಾ ಹೆದರಿಕಿ ಮರತಿದ್ದ. ಆಗ ಆ ದಿನದ ಡಬ್ಬಿ ಕೈಗೆ ಬಂತು. ತಾರೀಖ ಬರದಿತ್ತು. ಕಡೀ ಪಟ್ಟಿ ತಗದ. ಮೂವತ್ಮೂರರಿಂದ ಮೂವತ್ತಾರರ ತನಕ ನಾಕ ಪಟಾ, ಅದರ ಮುಂದ ಒಂದ ತುಂಡ ಖಾಲಿ ಫಿಲ್ಮು. ಏನೂ ತಗೀಲಾರದ ಉಳದದ್ದು.

ಮಶೀನಿಗೆ ಹಾಕಿದ. ಗುಂಯ್ಯ್... ಗರ್ರ್... ಟಕ್.

ನಾಕ ಪಟಾ ಬಂದು. ಐದನೇದು ಕರ್ರಗ. ಖಾಲಿ ಫಿಲ್ಮು ಹಂಗ ಬರೂದು ಬರೋಬ್ಬರಿ. ಅಳಸಾಕ ಹೋದಾಂವ ಕೈ ಹಿಂದ ತಗೊಂಡ. ಕಪ್ಪಿನ್ಯಾಗ ಒಂದ ನೆಟ್ಟನ ಗೆರಿ ಇತ್ತು. ಮುಚ್ಚಿದ ಕದದ ಸಂದ್ಯಾಗ ಬೆಳಕ ಕಂಡಂಗ.

ಫಿಲ್ಮ್ ತಗದು ಬಲ್ಬಿಗೆ ಹಿಡದ. ಏನೂ ಇಲ್ಲ, ತಿಳಿಯಾಗಿತ್ತು. ಧೂಳ ಇರಬೇಕಂತ ಮತ್ತೊಮ್ಮೆ ಹೊಡದು ಹಾಕಿದ. ಈ ಸಲ ಎರಡ ಗೆರಿ. ಮ್ಯಾಲೆ ಒಂದ ಅಡ್ಡ. ಬಾಗಲಾ.

ಕಂಪ್ಯೂಟರ ಬಂದ ಮಾಡಿ ಮುಸುಕ ಹಾಕ್ಕೊಂಡ.

ಎರಡನೇ ರಾತ್ರಿ ಹಾಕಬಾರದು ಅನ್ಕೋತನ ಹಾಕಿದ. ಹೊಸ್ತಲಾ ಕಾಣಸ್ತು. ಹೊಸ್ತಲದ ಮ್ಯಾಲೆ ಯಾರೋ ನಿಂತಂಗ ಒಂದ ಮಬ್ಬು. ಹೋಗಿ ಮಹಾನಂದಾನ್ನ ಎಬ್ಬಿಸಿದ. ಏನೂ ಹೇಳದ, ನೋಡು ಅಂದ. ಅಕಿ ಕಣ್ಣ ಒರಸಿಕೊಂಡು ನೋಡಿದ್ಲು.

"ಹುಡಿಗಿ ನಿಂತಂಗೈತಿ... ಯಾರ್ರೀ ಇಕಿ?"

ಅಂದಮ್ಯಾಲೆ ಅಂವನ ಒಬ್ಬಾಂವನ ಕಣ್ಣಿನ ಭ್ರಮಿ ಅಲ್ಲ. ಅಲ್ಲೇ ನೆಲಕ್ಕ ಕುಂತು ಎಲ್ಲಾ ಹೇಳಿದ. ಖಾಲಿ ಕ್ಯಾಮರಾ, ಕಿಸೇದಾಗಿನ ರೀಲು, ಸಾವಿತ್ರೆವ್ವಗ ಹೇಳಿದ ಸುಳ್ಳ... ಎಲ್ಲಾ. ಮಹಾನಂದಾ ಕೇಳಿದ್ಲು.

"ಇಷ್ಟ ವರ್ಷ ಅಕಿನ್ನ ನಿಂದ್ರಿಸೀರಿ?"

ತಾಯಿ ಸಲುವಾಗಿ ಅಂದ್ಲೋ, ಮಗಳ ಸಲುವಾಗಿ ಅಂದ್ಲೋ... ಅಂವ ಕೇಳಲಿಲ್ಲ.

ಮುಂಜಾನೆ ನನಗ ಫೋನ್ ಬಂತು. ನಾ ಆಗ ಇಳಕಲ್ಲಾಗ ಮಗ್ಗದ ಮ್ಯಾಲೆ ಇದ್ನಿ. "ಹುಚ್ಚೇಶಾ, ಇವತ್ತಿನ ರಾತ್ರಿ ನನ್ನ ಹಂತ್ಯಾಕ ಇರಲೇ," ಅಂದ. ಅಂವನ ದನಿ ಕೇಳಿ ಯಾಕ ಅಂತ ಕೇಳಲಿಲ್ಲ. ಹುನಗುಂದ ಮ್ಯಾಲಿಂದ ಬಸ್ ಹಿಡದು ಸಂಜಿಗೆ ಮುಟ್ಟಿದ್ನಿ. ಊಟ ಆದಮ್ಯಾಲೆ ಎಲ್ಲಾ ಹೇಳಿದ. ನಾ ನಕ್ಕಿದ್ನಿ, ಸುಳ್ಳ ಯಾಕ ಹೇಳಲಿ.

ನಗೂದ ನಿಂತದ್ದು ಫಿಲ್ಮ್ ಕೈಯಾಗ ಹಿಡದಾಗ. ಬಲ್ಬಿಗೆ ಹಿಡದ ನೋಡಿದ್ನಿ. ತಿಳಿ. ಒಂದ ಗೀರ ಸೈತ ಇಲ್ಲ. ಅದನ್ನ ಚೌಕಟ್ಟಿನ್ಯಾಗ ಸಿಗಿಸಿದಾಂವ ನಾನ. ಮುಚ್ಚಳಾ ಹಾಕಿದಾಂವನೂ ನಾನ. ಮಹಾನಂದಾ ಬರಲಿಲ್ಲ, ಅಡಗಿ ಮನ್ಯಾಗ ದೀಪಾ ಹಚ್ಚಿ ಅದರ ಮುಂದ ಕುಂತಿದ್ಲು.

ಗುಂಯ್ಯ್... ಈ ಸಲ ಭಾಳ ಸಾವಕಾಶ ಸರೀತು ದೀಪ. ಮ್ಯಾಲಿಂದ ಒಂದೊಂದ ಗೆರಿ ಇಳಕೋತ ಬಂತು. ಮಾಳಗಿ ಅಂಚು. ಬಾಗಲ ಚೌಕಟ್ಟು. ಬೈತಲಿ. ಹಣಿ.

ಕಣ್ಣು.

ಎಷ್ಟ ಅರಳಿಸಿದ್ಲು ಅಂದ್ರ... ಪಿಳಕಿಸಲಾರದ ಪಿಳಕಿಸಲಾರದ ಕಣ್ಣಾಗ ನೀರ ನಿಂತಿತ್ತು. ಒಂದ ಹನಿ ಗಲ್ಲದ ಅರ್ಧಕ್ಕ ಇಳದಿತ್ತು. ಅಳಾಕತ್ತಿರಲಿಲ್ಲ ಮತ್ತ. ಹೇಳಿದ್ದನ್ನ ತಪ್ಪಬಾರದು ಅಂತ ತಡಕೊಂಡ ನಿಂತ ಮಾರಿ ಅದು.

ಟಕ್. ಮಶೀನ ನಿಂತಿತು.

ಆಗ ಕೂಂಂಂಯ್... ಅಂತು. ಆ ಖೋಲ್ಯಾಗ ಫ್ಲ್ಯಾಶ್ ಇರಲಿಲ್ಲ. ಕ್ಯಾಮರಾ ಎಲ್ಲಾ ಸ್ಟುಡಿಯೋದಾಗ ಇದ್ದು. ಅಂವ ಆ ಕುರ್ಚಿ ಮ್ಯಾಲೆ, ನಾ ಈ ಸ್ಟೂಲ್ ಮ್ಯಾಲೆ. ನಡುವ ಒಂದ ಮಾರ ಜಾಗಾ. ಆ ಜಾಗಾದಾಗಿಂದ ಬಂತು ಮಾತು. ನನ್ನ ಮೊಳಕೈ ಹಂತ್ಯಾಕ. ಒಂದ ಸಣ್ಣ ಹುಡಿಗಿ ಬಾಯಿ ಎಷ್ಟ ಎತ್ತರಕ್ಕ ಇರ್ತೈತೋ, ಅಷ್ಟ ಎತ್ತರದಿಂದ.

"ಕಾಕಾ... ಆತೇನ್ರೀ?"

ನಾಗಲಿಂಗನ ಕೈ ಮೌಸ್ ಮ್ಯಾಲೆ ಇತ್ತು. ಟಿಕ್ ಅಂತ ಒತ್ತಿದ. ಮತ್ತೊಮ್ಮೆ ಟಿಕ್. ಆಮ್ಯಾಲೆ ಆ ಖಾಲಿ ಜಾಗಾದ ಕಡೆ ತಿರಿಗಿ ಅಂದ.

"ಆತವ್ವಾ... ಆತು. ಕಣ್ಣ ಮುಚ್ಚು. ನೀ ಇನ್ನ ಹೋಗು."

ಹ್ಹ... ಅಂತ ಒಂದ ಉಸರ ಬಿಟ್ಟ ಸಪ್ಪಳ. ಹುಡುಗರು ನೀರಾಗ ಮುಳುಗಿ ಎದ್ದು ಬಿಡ್ತಾರಲ್ಲ, ಹಂಗ. ಬರೇಗಾಲಿಲೆ ಓಡಿದಂಗ ತಪ್ ತಪ್ ತಪ್ ಅಂತ ಬಾಗಲದ ತನಕ ಹೋಗಿ ನಿಂತಿತು. ಎದ್ದ ನೋಡಿದ್ನಿ. ಚಿಲಕಾ ಹಾಕಿದ್ದು ಹಾಕಿದಂಗ ಇತ್ತು.

ನಾಗಲಿಂಗ ಮೇಜಿನ ಮ್ಯಾಲೆ ತಲಿ ಇಟ್ಟು ಅಳಾಕ ಹತ್ತಿದ. "ಹೋಗ್ಯಾಳಲೇ, ಇನ್ನ್ಯಾಕ ಅಳ್ತಿ?" ಅಂದ್ನಿ.

"ಮೊದಲ ಪಟಾ ಸೇವ್ ಮಾಡಿದೆ ಹುಚ್ಚೇಶಾ... ಆಮ್ಯಾಲೆ ಆತು ಅಂದೆ. ಆತು ಅಂದ್ರ ಎಲ್ಲೆರ ಅಳಸಿ ಹೋದೀತು ಅಂತ... ಈಗೂ ಅಕಿನ್ನ ಒಂದ ಗಳಿಗಿ ನಿಂದ್ರಿಸಿದ್ನಲೇ."

ಮರುದಿನ ದೊಡ್ಡ ಪ್ರಿಂಟ್ ಹಾಕಿಸಿ, ಕಾಜಿನ ಚೌಕಟ್ಟ ಕಟ್ಟಿಸಿಕೊಂಡು ಸಾವಿತ್ರೆವ್ವನ ಮನಿಗೆ ಹೋದಿವಿ. ದಾರ್‍ಯಾಗ ನಾಗಲಿಂಗ ಒಂದ ಮಾತ ಅಂದ. "ಖರೆ ಹೇಳ್ತೇನಿ ಇವತ್ತ. ಬೈಲಿ, ಹೊಡೀಲಿ. ಹೇಳಿಬಿಡ್ತೇನಿ."

ಅಕಿ ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ಲು. ಪಟಾ ನೋಡಿ ಹಿಟ್ಟಿನ ಕೈ ಸೀರಿಗೆ ಒರಸಿದ್ಲು. ಒರಸಿದ್ದನ್ನ ಮತ್ತೊಮ್ಮೆ ಒರಸಿದ್ಲು. ಕಾಜಿನ ಮ್ಯಾಲೆ ಬೊಟ್ಟ ಆಡಿಸಿ, "ಇದ ಗದ್ದಾ... ಇಲ್ಲೊಂದ ಕುಣಿ ಇತ್ತು ನೋಡು, ಇಲ್ಲೇ," ಅಂದ್ಲು. ಅಷ್ಟ. ಅಳಲಿಲ್ಲ.

ನಾಗಲಿಂಗ ನೆಲಕ್ಕ ಕುಂತ. "ಯಕ್ಕಾ, ಅವತ್ತ ಕ್ಯಾಮರಾದಾಗ ರೀಲ್ ಇರಲಿಲ್ಲ. ಸುಮ್ನ ಫ್ಲ್ಯಾಶ್ ಹೊಡದೆ. ನಾ ನಿನಗ ಇಷ್ಟ ವರ್ಷ ಸುಳ್ಳ ಹೇಳಿದೆ."

ಸಾವಿತ್ರೆವ್ವ ಅಂವನ ಮಾರಿ ನೋಡಿದ್ಲು. ಪಟಾ ನೋಡಿದ್ಲು.

"ಹಂಗಾರ ಇದೇನಪಾ?"

"ಅದು... ಅದು ಹೆಂಗ ಬಂತೋ ನನಗ ಗೊತ್ತಿಲ್ಲಕ್ಕ. ರೀಲ್ ಕಿಸೇದಾಗ ಇತ್ತು. ಬನ್ನವ್ವನ ಆಣಿ."

"ಸತ್ತ ಕೂಸಿನ ಆಣಿ ಹಾಕಬ್ಯಾಡ." ಅಕಿ ದನಿ ಸ್ವಲ್ಪ ಬಿರುಸಾತು. ಮತ್ತ ಮೆತ್ತಗಾತು. "ಕಣ್ಣ ಮುಂದ ನಿಂತಾಳ ನನ್ನ ಮಗಳು. ಇಷ್ಟ ವರ್ಷ ಹುಡಿಕಿದಿ, ಯಾರ ಹುಡುಕತಾರ ಹೇಳು? ಕೊಡೂ ಹೊತ್ತಿನ್ಯಾಗ ಯಾಕ ಸುಳ್ಳ ಹೇಳ್ತಿ ತಮ್ಮಾ?"

ನನ್ನ ಕಡೆ ನೋಡಿದ ನಾಗಲಿಂಗ, ನೀನರ ಹೇಳಪಾ ಅನ್ನೂಹಂಗ. ನಾ ಹೇಳಿದ್ನಿ. ಖರೆ ಅದು ಯವ್ವಾ, ಖಾಲಿ ಫಿಲ್ಮ್ ನಾ ಕೈಯಾರೆ ಹಿಡದೇನಿ ಅಂತ. ಅಕಿ ನಕ್ಕ್ಲು. ಇಬ್ಬರಿಗೂ ಜ್ವಾಳದ ರೊಟ್ಟಿ, ಪುಂಡಿಪಲ್ಯಾ ಹಾಕಿ ಕೊಟ್ಲು. ನಾಗಲಿಂಗನ ತಲಿ ಮ್ಯಾಲೆ ಕೈ ಇಟ್ಟು, "ನಿನ್ನ ಹೊಟ್ಟಿ ತಣ್ಣಗಿರಲಿ," ಅಂದ್ಲು. ಅವತ್ತಿನಿಂದ ಹಬ್ಬಕ್ಕೊಮ್ಮೆ ಅಂವನ ಮನಿಗೆ ಹೋಳಿಗಿ ಕಟಗೊಂಡ ಬರ್ತಾಳ ಅಕಿ. ಅಕಿ ಬಂದ್ಲಂದ್ರ ಇಂವ ಹಿತ್ತಲದಾಗ ಹೋಗಿ ನಿಲ್ತಾನ.

ಒಮ್ಮೆ ನನಗಂದ, "ಅವತ್ತ ಒಂದ ಏಟ ಹೊಡದಿದ್ರ ಮುಗೀತಿತ್ತಲೇ."

ಇಷ್ಟ ಆಗಿದ್ರ ನಾನೂ ಮರೀತಿದ್ನೋ ಏನೋ. ಎರಡಸಾವಿರದ ಒಂಬತ್ತರಾಗ ನನ್ನ ತಂಗಿ ಮದಿವಿ ಕರೇ ಹೇಳಾಕ ನವನಗರಕ್ಕ ಹೋಗಿದ್ನಿ. ಸಾವಿತ್ರೆವ್ವಗೂ ಒಂದ ಕಾರ್ಡ್ ಕೊಡಬೇಕಂತ ಹೋದ್ನಿ. ಹಗಲು ಹನ್ನೊಂದ ಗಂಟೆ. ಬಾಗಲಾ ತಗದಿತ್ತು, ಬಿಸಲ ಒಳಗ ಬಿದ್ದಿತ್ತು. ಪಟಾ ಗ್ವಾಡಿಗೆ ಇತ್ತು, ಎದುರಿಗೆ.

ಪಟಾ ಕೊಟ್ಟ ದಿನ ಆ ಹುಡಿಗಿ ಉಟ್ಟ ಲಂಗಾ-ಪರಕಾರದ ಅಂಚು ಹೊಸ್ತಲದ ಮ್ಯಾಲೆ ಬಿದ್ದಿತ್ತು, ಪಾದ ಕಾಣತಿರಲಿಲ್ಲ. ನಾ ಮಗ್ಗದಾಂವ, ಅರಿವಿ ಮ್ಯಾಲೆ ಕಣ್ಣ ಮೊದಲ ಹೋಗ್ತೈತಿ. ಈಗ ಆ ಅಂಚು ಮ್ಯಾಲೆ ಏರಿತ್ತು. ಎರಡೂ ಪಾದ ಕಾಣತಿದ್ದು. ಮೀನಖಂಡನೂ ಕಾಣತಿತ್ತು.

ನಾ ನೋಡೂದನ್ನ ಸಾವಿತ್ರೆವ್ವ ನೋಡಿದ್ಲು. ರೊಟ್ಟಿ ಬಡಿಯೂದ ನಿಲ್ಲಿಸಲಿಲ್ಲ.

"ಬೆಳಿಯೂ ಹುಡಿಗಿ ಅಂತ ಉದ್ದ ಬಿಟ್ಟ ಹೊಲಿದಿದ್ನಿ," ಅಂದ್ಲು. "ಆದ್ರೂ ಗಿಡ್ಡಾತು."

ಖರೆ ಐತ್ರೀ ಇದು. ಕಾಜಿನ ಮ್ಯಾಲೆ ಬೊಟ್ಟ ಇಟ್ಟ ಅಳದೇನಿ... ಅಂಚು ಏರಿದ್ದು ಒಂದ ಬೊಟ್ಟ, ಬರೋಬ್ಬರಿ.